ಮುತ್ಯಾನ ಸಂದೂಕ

ನನಗೆ ಆಗ ಹನ್ನೊಂದು ವರ್ಷ. ಕಲಬುರಗಿಯ ಬ್ರಹ್ಮಪುರದ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ರದ್ದಿಯವನು ತಕ್ಕಡಿ ಹಿಡಿದು ಕೂತಿದ್ದ. ಮುತ್ಯಾ, ಅಂದರೆ ನಮ್ಮ ಅಜ್ಜ, ತೀರಿಕೊಂಡು ಆರು ತಿಂಗಳಾಗಿತ್ತು. ಅವನ ತಗಡಿನ ಸಂದೂಕ ಅವ್ವನಿಗೆ ಬೇಕಾಗಿತ್ತು, ಜೋಳ ಹಾಕಿಡೋಕೆ. ಒಳಗಿದ್ದ ಪುಸ್ತಕ ಯಾರಿಗೂ ಬೇಕಾಗಿರಲಿಲ್ಲ. ಎಲ್ಲಾ ಉರ್ದು. ಮುತ್ಯಾ ನಿಜಾಮರ ಕಾಲದಲ್ಲಿ ಶಾಲೆ ಕಲಿತವನು, ಆಮೇಲೆ ಊರಿನ ಕಂದಾಯದ ಲೆಕ್ಕ ಬರೆಯುವ ಪಟವಾರಿ ಆಗಿದ್ದ. ಅವನ ಮಕ್ಕಳು ಕನ್ನಡ ಶಾಲೆಗೆ ಹೋದರು. ಒಂದೇ ತಲೆಮಾರಿನಲ್ಲಿ ಆ ಸಂದೂಕ ಓದುವವರು ಮನೆಯಲ್ಲಿ ಇಲ್ಲದಂತಾಯಿತು.

ಒಂದು ಪುಸ್ತಕದ ಹಿಂಬದಿಯಲ್ಲಿ ಮಡಚಿದ ನಕಾಶೆ ಇತ್ತು. ನಾನು ಬಿಡಿಸಿ ನೆಲದ ಮೇಲೆ ಹಾಸಿದೆ. ನನಗಿಂತ ಉದ್ದ ಇತ್ತು. ನದಿ ನೀಲಿ, ರೈಲು ದಾರಿ ಕಪ್ಪು. ರದ್ದಿಯವನು ಮೆಲ್ಲಗೆ ಮಡಚಿ ತಕ್ಕಡಿಗೆ ಹಾಕಿದ. ಹದಿನಾಲ್ಕು ಕಿಲೋ ಚಿಲ್ಲರೆ ಆಯಿತು. ಆ ದುಡ್ಡಿನಲ್ಲಿ ಅವ್ವ ಉಳ್ಳಾಗಡ್ಡಿ, ಬೆಳ್ಳುಳ್ಳಿ ತಂದಳು. ಅವಳದ್ದೇನೂ ತಪ್ಪಿಲ್ಲ. ಆದರೆ ಆ ನಕಾಶೆ ನನ್ನ ತಲೆಯಿಂದ ಇವತ್ತಿನವರೆಗೂ ಹೋಗಿಲ್ಲ. ನಾನು ಹಳೇ ಚರಿತ್ರೆಯ ಪುಸ್ತಕ ಕೊಂಡು ಮಾರುವ ಕೆಲಸಕ್ಕೆ ಬಂದದ್ದು ಅದರಿಂದಲೇ.

ಮೊದಲು ಹದಿನಾಲ್ಕು ವರ್ಷ ಗಂಜ್‌ನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆದೆ. ಈಗ ಒಂದು ಸಣ್ಣ ಮಳಿಗೆ ಇದೆ, ಹತ್ತು ಅಡಿಗೆ ಹನ್ನೆರಡು ಅಡಿ. ಮೂರು ಗೋಡೆ ಪುಸ್ತಕ, ಒಂದು ಗೋಡೆ ಬಾಗಿಲು.

ಬೆಂಗಳೂರು, ಮೈಸೂರಿನ ಗೆಳೆಯರು ಕೇಳುತ್ತಾರೆ, ಕಲಬುರಗಿಯಲ್ಲಿ ಹಳೇ ಚರಿತ್ರೆಯ ಪುಸ್ತಕ ಏನು ಸಿಗುತ್ತವೆ ಅಂತ. ಅವರ ಕಡೆಯ ಲೆಕ್ಕವೇ ಬೇರೆ. ಬಿ.ಎಲ್. ರೈಸ್ ಅವರು 1886ರಿಂದ ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ ಶಾಸನ ಸಂಗ್ರಹದ ಸಂಪುಟಗಳನ್ನು ತಂದರು. ಕೊಡಗು, ಮೈಸೂರು, ಹಾಸನ, ಶಿವಮೊಗ್ಗ, ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ದಪ್ಪ ಪುಸ್ತಕ. ಅದರಲ್ಲಿ ಕಲಬುರಗಿ ಇಲ್ಲ, ಬೀದರ್ ಇಲ್ಲ. ಯಾಕಂದರೆ ನಾವು ಮೈಸೂರು ಸಂಸ್ಥಾನದವರಲ್ಲ, ಹೈದರಾಬಾದ್ ಸಂಸ್ಥಾನದವರು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯ. ಹಾಗಾಗಿ ನಮ್ಮ ಊರಿನ ಚರಿತ್ರೆ ಅಚ್ಚಾದದ್ದು ನಮ್ಮ ಊರಲ್ಲಿ ಅಲ್ಲ. ಹೈದರಾಬಾದ್, ಕಲ್ಕತ್ತಾ, ಲಂಡನ್, ಲಖನೌ, ಪುಣೆ. ಭಾಷೆಯೂ ಹಾಗೇ. ಇಂಗ್ಲಿಷ್, ಉರ್ದು, ಫಾರ್ಸಿ, ಮರಾಠಿ. ಕನ್ನಡ ಕೊನೆಗೆ ಬಂತು.

ಪಿ.ಬಿ. ದೇಸಾಯಿ ಅವರು ನಮ್ಮ ಭಾಗದ ಶಾಸನಗಳನ್ನು ಒಟ್ಟುಮಾಡಿದ ಪುಸ್ತಕ ಒಂದಿದೆ. ಹೆಸರಿನಲ್ಲೇ ‘ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು’ ಅಂತ ಇದೆ. ಅದು ಹೊರಬಂದದ್ದು 1958ರಲ್ಲಿ. ಅಷ್ಟೊತ್ತಿಗೆ ಆ ರಾಜ್ಯವೇ ಇರಲಿಲ್ಲ, ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಆಗಿತ್ತು. ಪುಸ್ತಕ ಮಾತ್ರ ಹೈದರಾಬಾದಿನಿಂದಲೇ ಬಂತು. ಈ ಪುಸ್ತಕ ಕೈಗೆ ಬಂದಾಗಲೆಲ್ಲ ನಾನು ಶೀರ್ಷಿಕೆಯ ಪುಟವನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತೇನೆ. ನಮ್ಮ ಭಾಗದ ಕಥೆ ಪೂರ್ತಿ ಆ ಒಂದು ಪುಟದಲ್ಲಿದೆ ಅನ್ನಿಸುತ್ತದೆ.

ಈ ವ್ಯಾಪಾರ ಶುರುಮಾಡಿದಾಗ ನನಗೆ ಉರ್ದು ಮಾತಾಡೋಕೆ ಬರುತ್ತಿತ್ತು, ಇಲ್ಲಿ ಯಾರಿಗೆ ಬರಲ್ಲ ಹೇಳಿ? ಓದೋಕೆ ಬರುತ್ತಿರಲಿಲ್ಲ. ಊರಿನ ರೋಜಾ ಬಡಾವಣೆ ಕಡೆ ಒಬ್ಬರು ಚಾಚಾ ಇದ್ದಾರೆ, ಉರ್ದು ಶಾಲೆಯಲ್ಲಿ ಮಾಸ್ತರ್ ಆಗಿದ್ದವರು. ಅವರ ಹತ್ತಿರ ಹೋಗಿ ಕಲಿಸ್ರೀ ಅಂದೆ.

“ಬೇಟಾ, ಮೊದಲ ಅಂಕಿ ಕಲಿ,” ಅಂದರು. “ಅಕ್ಷರ ಆಮ್ಯಾಲೆ. ಅಂಕಿ ಬಂದ್ರ ಪುಸ್ತಕಕ್ಕ ಎಷ್ಟು ವಯಸ್ಸು ಅಂತ ತಿಳೀತದ.”

ಎಷ್ಟು ಸರಿಯಾದ ಮಾತು ಅಂದರೆ, ಈಗಲೂ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿ ಎಡದಿಂದ ಬಲಕ್ಕೇ ಹೋಗುತ್ತದೆ. ಒಂದು ವಾರದಲ್ಲಿ ಬಂದುಬಿಡುತ್ತದೆ. ತೊಡಕು ಇರುವುದು ಇಸವಿಯಲ್ಲಿ. ನಿಜಾಮರ ಕಾಲದ ಪುಸ್ತಕದ ಮೇಲೆ ಎರಡು ಲೆಕ್ಕ ಇರಬಹುದು. ಒಂದು ಹಿಜ್ರಿ, ಒಂದು ಫಸಲಿ. ಫಸಲಿ ಅಂದರೆ ಕಂದಾಯದ ವರ್ಷ. ಸರ್ಕಾರಿ ಕಾಗದ ಎಲ್ಲ ಅದರಲ್ಲೇ ನಡೆಯುತ್ತಿತ್ತು. ನಮ್ಮ ಹೊಲದ ಹಳೇ ಪಹಣಿಯಲ್ಲೂ ಅದೇ ಇತ್ತು. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ವರ್ಷ ಸಿಗುತ್ತದೆ. ಹಿಜ್ರಿಗೆ ಹಾಗೆ ಒಂದೇ ಅಂಕಿ ಕೂಡಿಸೋಕೆ ಆಗಲ್ಲ, ಅದು ಚಂದ್ರನ ವರ್ಷ, ಸುಮಾರು ಹನ್ನೊಂದು ದಿನ ಚಿಕ್ಕದು. 1342 ಹಿಜ್ರಿ ಅಂದರೆ 1923–24. 1342 ಫಸಲಿ ಅಂದರೆ 1932–33. ಅಂಕಿ ಒಂದೇ, ಒಂಬತ್ತು ವರ್ಷದ ಅಂತರ. ಅಂಕಿಯ ಪಕ್ಕ ಸಣ್ಣದಾಗಿ ‘ಹೆ’ ಅಕ್ಷರ ಇದ್ದರೆ ಹಿಜ್ರಿ, ‘ಫೆ’ ಇದ್ದರೆ ಫಸಲಿ. ಮಸಿ ಹರಡಿ ಆ ಒಂದು ಅಕ್ಷರ ಹೋಗಿದ್ದರೆ ಒಳಗಿನ ಮುನ್ನುಡಿ ಓದಿಯೇ ತಿಳಿಯಬೇಕು.

ನಾನು ಒಂದು ಸಲ ಇದರಲ್ಲೇ ತಪ್ಪಿದೆ. ಫಸಲಿಯನ್ನು ಹಿಜ್ರಿ ಅಂದುಕೊಂಡು ಪುಸ್ತಕದ ವಯಸ್ಸು ಒಂಬತ್ತು ವರ್ಷ ಜಾಸ್ತಿ ಹೇಳಿ ಪುಣೆಯ ಒಬ್ಬ ಗಿರಾಕಿಗೆ ಕಳಿಸಿದೆ. ಅವರು ಫೋನ್ ಮಾಡಿ ಸಮಾಧಾನದಿಂದಲೇ ತೋರಿಸಿಕೊಟ್ಟರು. ದುಡ್ಡು ವಾಪಸ್ ಕಳಿಸಿದೆ. ಪುಸ್ತಕ ಅವರೇ ಇಟ್ಟುಕೊಂಡು ಸರಿಯಾದ ಬೆಲೆ ಕೊಟ್ಟರು. ಆವತ್ತಿನಿಂದ ಇಸವಿ ಬರೆಯುವಾಗ ಚಾಚಾನಿಗೆ ಒಂದು ಸಲ ತೋರಿಸದೆ ಚೀಟಿ ಅಂಟಿಸುವುದಿಲ್ಲ.

ಇಲ್ಲಿ ಉರ್ದುವಿನಲ್ಲಿ ಇಷ್ಟೊಂದು ಚರಿತ್ರೆ ಯಾಕೆ ಸಿಗುತ್ತದೆ ಅನ್ನುವುದಕ್ಕೂ ಕಾರಣ ಇದೆ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಪಾಠವೆಲ್ಲ ಉರ್ದುವಿನಲ್ಲಿ. ಅದಕ್ಕೆ ಪುಸ್ತಕ ಬೇಕಲ್ಲ? ದಾರುಲ್ ತರ್ಜುಮಾ ಅಂತ ಅನುವಾದದ ಸಂಸ್ಥೆಯನ್ನೇ ಮಾಡಿದರು. ಚರಿತ್ರೆ, ಕಾನೂನು, ಗಣಿತ, ವಿಜ್ಞಾನ ಎಲ್ಲ ಉರ್ದುವಿಗೆ ಬಂತು. ಆ ಪುಸ್ತಕಗಳು ಕಲಬುರಗಿಯ ವಕೀಲರ ಮನೆಗೆ, ಮಾಸ್ತರರ ಮನೆಗೆ, ಪಟವಾರಿಗಳ ಮನೆಗೆ ಬಂದವು. ಲಿಂಗಾಯತರ ಮನೆ, ಬ್ರಾಹ್ಮಣರ ಮನೆ, ಮುಸಲ್ಮಾನರ ಮನೆ ಅಂತ ಏನಿಲ್ಲ, ನೌಕರಿ ಬೇಕಂದರೆ ಉರ್ದು ಬೇಕಾಗಿತ್ತು. ಈಗ ಆ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಅಟ್ಟದಲ್ಲಿದ್ದದ್ದು ಕೆಳಗೆ ಇಳಿಯುತ್ತಿದೆ.

ಊರಿನ ಏಳೆಂಟು ರದ್ದಿ ಅಂಗಡಿಯವರ ಹತ್ತಿರ ನನ್ನ ನಂಬರ್ ಇದೆ. ಕಿಲೋಗೆ ಅವರು ಕೊಟ್ಟದ್ದಕ್ಕಿಂತ ದುಪ್ಪಟ್ಟು ಕೊಡುತ್ತೇನೆ, ಒಂದೇ ಷರತ್ತು, ಮೊದಲು ನನಗೆ ತೋರಿಸಬೇಕು. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಫೋನ್ ಮಾಡಿದ.

“ಅಣ್ಣಾ, ಉರ್ದು ಪುಸ್ತಕ ಬಂದಾವ. ಭಾಳ ಹಳೇವು ಅವ. ಬರ್ತೀರೇನು? ಸಂಜಿಗಿ ಗಾಡಿ ಬರ್ತದ, ತುಂಬಿ ಕಳಸ್ತೀನಿ.”

ಊಟ ಅರ್ಧಕ್ಕೆ ಬಿಟ್ಟು ಹೋದೆ. ಒಂದು ಗೋಣಿಚೀಲ. ಅದರಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದ ಚರಿತ್ರೆಕಾರ ಫಿರಿಷ್ತಾ ಬರೆದ ಇತಿಹಾಸದ ಕಲ್ಲಚ್ಚಿನ ಪ್ರತಿ ಇತ್ತು, ಫಾರ್ಸಿಯಲ್ಲಿ. ಮೊದಲ ಹಾಳೆಗಳಿಲ್ಲ, ರಟ್ಟಿಲ್ಲ. ಕಲ್ಲಚ್ಚು ಅಂದರೆ ಕಾತಿಬ್, ಅಂದರೆ ಲಿಪಿಕಾರ, ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುವುದು. ನೋಡೋಕೆ ಕೈಬರಹದ ಹಾಗೇ ಇರುತ್ತದೆ. ಅದಕ್ಕೇ ಎಷ್ಟೋ ಜನ ಇದನ್ನು ಹಸ್ತಪ್ರತಿ ಅಂದುಕೊಂಡು ಲಕ್ಷಗಟ್ಟಲೆ ಕೇಳುತ್ತಾರೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ, ಲೇಖನಿ ಒತ್ತಿದ ಗುರುತು ಕಾಗದದಲ್ಲಿ ಇರುವುದಿಲ್ಲ, ಮಸಿ ಎಲ್ಲ ಕಡೆ ಒಂದೇ ಸಮ.

ಇಂಥ ಪುಸ್ತಕದಲ್ಲಿ ನಡುವೆ ಹಾಳೆ ಹೋಗಿದೆಯೋ ಇಲ್ಲವೋ ಅಂತ ನೋಡೋಕೆ ಭಾಷೆ ಪೂರ್ತಿ ಬರಬೇಕಂತಿಲ್ಲ. ಪುಟದ ಅಡಿಯ ಮೂಲೆಯಲ್ಲಿ ಒಂದು ಪದ ಓರೆಯಾಗಿ ಬರೆದಿರುತ್ತಾರೆ. ಮುಂದಿನ ಪುಟ ಅದೇ ಪದದಿಂದ ಶುರುವಾಗಬೇಕು. ಎರಡರ ಆಕಾರ ಹೊಂದಿದರೆ ಹಾಳೆ ಸರಿ ಇದೆ. ಹೊಂದದಿದ್ದರೆ ಏನೋ ಹೋಗಿದೆ. ಆ ರಾತ್ರಿ ಮಳೆ ಸದ್ದಿನಲ್ಲಿ ಕೂತು ಒಂದೊಂದೇ ಪುಟ ಹೊಂದಿಸಿದೆ. ಹೆಂಡತಿ ಚಹಾ ತಂದಿಟ್ಟು ಪಕ್ಕದಲ್ಲೇ ಕೂತು ತಾನೂ ಹೊಂದಿಸತೊಡಗಿದಳು. ಅವಳ ಕಣ್ಣು ನನ್ನದಕ್ಕಿಂತ ಚುರುಕು. ಹನ್ನೆರಡು ಹಾಳೆ ಇಲ್ಲ ಅಂತ ಲೆಕ್ಕ ಸಿಕ್ಕಿತು. ಉಳಿದದ್ದೆಲ್ಲ ಇತ್ತು.

ಅದೇ ಫಿರಿಷ್ತಾ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದ್ರಸಾದಲ್ಲಿ ಮೂರು ಸಾವಿರ ಪುಸ್ತಕ ಇದ್ದವು ಅಂತ ಬರೆಯುತ್ತಾನೆ. ಮದ್ರಸಾ ಕಟ್ಟಿದ್ದು 1472ರಲ್ಲಿ. ಒಂಬತ್ತೇ ವರ್ಷಕ್ಕೆ, 1481ರಲ್ಲಿ, ಸುಳ್ಳು ಪತ್ರ ತೋರಿಸಿ ಗವಾನನ ಮೇಲೆ ದ್ರೋಹದ ಆರೋಪ ಹೊರಿಸಿದರು, ಸುಲ್ತಾನ ಅವನ ತಲೆ ತೆಗೆಸಿದ. 1696ರಲ್ಲಿ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ಬೀದರಿಗೆ ಹೋದಾಗಲೆಲ್ಲ ನಾನು ಉಳಿದಿರುವ ಆ ಒಂದು ಮಿನಾರದ ಕೆಳಗೆ ನಿಲ್ಲುತ್ತೇನೆ. ನೀಲಿ ಹೆಂಚು ಇನ್ನೂ ಅಲ್ಲಲ್ಲಿ ಇವೆ. ಮೂರು ಸಾವಿರ ಪುಸ್ತಕ ಕೈಯಲ್ಲಿ ಬರೆದದ್ದು, ಒಂದೊಂದಕ್ಕೂ ತಿಂಗಳುಗಟ್ಟಲೆ. ಸುಮ್ನೆ ಯೋಚನೆ ಮಾಡಿದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬೀದರಿನ ಮಾತು ಬಂದ ಮೇಲೆ ಗುಲಾಂ ಯಜ್ದಾನಿ ಅವರನ್ನು ಹೇಳದೆ ಇರೋಕಾಗಲ್ಲ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1914ರಲ್ಲಿ ಶುರುವಾಯಿತು, ಅವರೇ ಅದರ ಮೊದಲ ಮುಖ್ಯಸ್ಥರು. ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಪುಸ್ತಕ 1947ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಕೋಟೆ, ರಂಗೀನ್ ಮಹಲ್, ಅಷ್ಟೂರಿನ ಗೋರಿಗಳು, ಒಂದನ್ನೂ ಬಿಟ್ಟಿಲ್ಲ. ಅಳತೆಯ ನಕ್ಷೆ, ಫೋಟೋ ಎಲ್ಲ ಕೊನೆಯಲ್ಲಿ ಪ್ಲೇಟುಗಳಾಗಿ, ಅಂದರೆ ಬೇರೆಯಾಗಿ ಅಚ್ಚಾದ ಚಿತ್ರದ ಹಾಳೆಗಳಾಗಿ ಇವೆ. ನನ್ನ ವ್ಯಾಪಾರದ ಇಷ್ಟು ವರ್ಷದಲ್ಲಿ ಅದರ ಮೊದಲ ಮುದ್ರಣ ಮೂರೇ ಸಲ ಕೈಗೆ ಬಂದಿದೆ. ಒಂದನ್ನು ಹೈದರಾಬಾದಿನ ಅಬಿಡ್ಸ್‌ನಲ್ಲಿ ರವಿವಾರದ ಫುಟ್‌ಪಾತಿನ ಮೇಲೆ ಕೊಂಡೆ. ಖುಷಿಯಲ್ಲಿ ಸರಿಯಾಗಿ ನೋಡದೆ ದುಡ್ಡು ಎಣಿಸಿದೆ. ರೈಲಿನಲ್ಲಿ ಕೂತು ಬಿಚ್ಚಿದರೆ, ಯಾರೋ ಬ್ಲೇಡಿನಿಂದ ಹದಿನೇಳು ಪ್ಲೇಟು ಕೊಯ್ದಿದ್ದಾರೆ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕೋಕೆ ಹೀಗೆ ಮಾಡುತ್ತಾರೆ. ವಾಡಿ ಬರುವವರೆಗೂ ಆ ಕೊಯ್ದ ಅಂಚುಗಳನ್ನೇ ಸವರುತ್ತಾ ಕೂತಿದ್ದೆ. ಹಳೇ ಪುಸ್ತಕದಿಂದ ಒಂದು ಚಿತ್ರ ಕೊಯ್ದು ಮಾರುವವರ ಮೇಲೆ ನನಗೆ ಬರುವಷ್ಟು ಸಿಟ್ಟು ಇನ್ನಾರ ಮೇಲೂ ಬರುವುದಿಲ್ಲ. ಆ ಪ್ರತಿಯನ್ನು ನಾನು ಮಾರಿಲ್ಲ. ಮಳಿಗೆಯಲ್ಲಿ ಓದೋಕೆ ಇಟ್ಟಿದ್ದೇನೆ.

ಕೊಳ್ಳುವ ಮೊದಲು ಪ್ಲೇಟುಗಳ ಪಟ್ಟಿ ತೆಗೆದು ಒಂದೊಂದಾಗಿ ಎಣಿಸಿ. ಮಡಚಿದ ನಕಾಶೆ ಇದೆ ಅಂತ ಪಟ್ಟಿಯಲ್ಲಿ ಇದ್ದರೆ ಅದು ನಿಜವಾಗಿ ಇದೆಯಾ ನೋಡಿ. ಮೊದಲು ಹೋಗುವುದು ನಕಾಶೆಯೇ. ಇನ್ನೊಂದು ಮಾತು. ಓದೋಕಷ್ಟೇ ಬೇಕಂದರೆ ಮೂಲ ಮುದ್ರಣಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ಯಜ್ದಾನಿ ಅವರ ಬೀದರ್ ಪುಸ್ತಕಕ್ಕೆ 1995ರ ದೆಹಲಿ ಮರುಮುದ್ರಣ ಇದೆ. ವಿದ್ಯಾರ್ಥಿಗಳು ಬಂದರೆ ನಾನು ಮರುಮುದ್ರಣವನ್ನೇ ಕೈಗೆ ಕೊಡುತ್ತೇನೆ, ಇದರಿಂದ ನನಗೆ ವ್ಯಾಪಾರ ಕಡಿಮೆ ಆದರೂ ಪರವಾಗಿಲ್ಲ.

ಲೈಬ್ರರಿ ಮುದ್ರೆ ಇದ್ದ ಪುಸ್ತಕ ಬಂದರೆ ರದ್ದುಮಾಡಿದ ಮುದ್ರೆಯೂ ಇದೆಯಾ ಅಂತ ಹುಡುಕುತ್ತೇನೆ. ಇಲ್ಲ ಅಂದರೆ ಆ ಲೈಬ್ರರಿಗೇ ಹೋಗಿ ಕೇಳುತ್ತೇನೆ. ಎರಡು ಸಲ ಹಾಗೆ ವಾಪಸ್ ಕೊಟ್ಟಿದ್ದೇನೆ. ಒಂದು ಕಡೆ ಖುಷಿಯಿಂದ ತಗೊಂಡು ಚಹಾ ಕೊಟ್ಟರು. ಇನ್ನೊಂದು ಕಡೆ, “ಇದನ್ನ ಯಾರ್ ಓದ್ತಾರ್ರೀ, ನೀವೇ ಒಯ್ರಿ” ಅಂದರು. ಬರಹದಲ್ಲಿ ಕೊಡಿ ಅಂದೆ, ಕೊಡಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು ಬಂದೆ. ಅದು ಈಗ ಎಲ್ಲಿದೆಯೋ ಅನ್ನುವ ಚಿಂತೆ ಇವತ್ತಿಗೂ ಇದೆ.

ಕೈಬರಹದ್ದು ಏನೇ ಬಂದರೂ ನಾನು ಕೊಳ್ಳುವುದಿಲ್ಲ, ಮಾರುವುದಿಲ್ಲ. ತಾಳೆಗರಿ ಇರಲಿ, ಕಾಗದ ಇರಲಿ. ಪ್ರಾಚೀನ ವಸ್ತುಗಳ 1972ರ ಕಾಯ್ದೆಯಲ್ಲಿ ಬೇರೆ ವಸ್ತುಗಳಿಗೆ ನೂರು ವರ್ಷದ ಮಿತಿ ಇದ್ದರೆ, ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಯಾರಾದರೂ ಕಟ್ಟು ತಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ, ಅಲ್ಲಿಗೆ ಒಯ್ಯಿರಿ ಅಂತ ಹೇಳಿ ಕಳಿಸುತ್ತೇನೆ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 42, 43 ಡಿಗ್ರಿ. ಬೆಂಗಳೂರಿನವರ ಹಾಗೆ ನಮಗೆ ಬೂಷ್ಟಿನ ಕಾಟ ಜಾಸ್ತಿ ಇಲ್ಲ. ನಮ್ಮ ಶತ್ರು ಒಣ ಹವೆ ಮತ್ತು ಗೆದ್ದಲು. ಎರಡನೇ ಮಹಾಯುದ್ಧದ ಕಾಲದ ಕಾಗದವಂತೂ ಹಪ್ಪಳ, ಮಡಚಿದರೆ ಮುರಿಯುತ್ತದೆ. ನನ್ನ ಪುಸ್ತಕ ಕಟ್ಟುವ ಮಾಮಾ ಮೈದಾ ಅಂಟು ಕಾಯಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳ ಹತ್ತಬಾರದು ಅಂತ. ಹಳೇ ಕಾಲದವರು ಹಾಗೇ ಮಾಡುತ್ತಿದ್ದರು. ಕಪಾಟನ್ನು ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಐದಾರು ವರ್ಷಕ್ಕೆ ಟೇಪ್ ಉದುರುತ್ತದೆ, ಕಂದು ಕಲೆ ಮಾತ್ರ ಕಾಗದದಲ್ಲೇ ಉಳಿಯುತ್ತದೆ. ಅದನ್ನು ತೆಗೆಯೋದು ಭಾಳ ಕಷ್ಟ.

ಹಳೇ ಪುಸ್ತಕ ಇದ್ದರೆ ಸಾಕು, ಎಲ್ಲ ಅದರಲ್ಲೇ ಇದೆ ಅಂತ ತಿಳಿಯುವವರೂ ಇದ್ದಾರೆ. ಅವರಿಗೆ ನಾನು ಸನ್ನತಿಯ ಮಾತು ಹೇಳುತ್ತೇನೆ. 1915ರಲ್ಲಿ ಮಸ್ಕಿಯಲ್ಲಿ ‘ಅಶೋಕ’ ಅನ್ನುವ ಹೆಸರೇ ಇರುವ ಶಾಸನ ಸಿಕ್ಕಿತು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವೇ ಅದರ ಮೇಲೆ. ಆದರೆ ನಮ್ಮ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯಲ್ಲಿ, ಅಶೋಕನ ಶಾಸನ ಇದೆ ಅಂತ ಲೋಕಕ್ಕೆ ಗೊತ್ತಾದದ್ದು 1980ರ ದಶಕದಲ್ಲಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದರು. ಅಲ್ಲಿ ರಾಣಿಯ ಜೊತೆ ನಿಂತ ಅರಸನ ಉಬ್ಬುಚಿತ್ರ, ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಅಂತ ಹೆಸರು. ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕವಾದ 1966ರ ಗುಲ್ಬರ್ಗಾ ಗೆಜೆಟಿಯರ್ ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಇದು ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಅದಕ್ಕೆ ಗೆಜೆಟಿಯರ್ ಕೊಂಡವರಿಗೆ ಕನಗನಹಳ್ಳಿಯ ಬಗ್ಗೆ ಬಂದ ಹೊಸ ಬರಹದ ಜೆರಾಕ್ಸ್ ಒಂದು ಜೊತೆಗೆ ಹಾಕಿ ಕೊಡುತ್ತೇನೆ.

ಬೆಲೆಯ ವಿಷಯದಲ್ಲಿ ನಾನು ಒಂದು ರೀತಿ ಇಟ್ಟುಕೊಂಡಿದ್ದೇನೆ. ನಮ್ಮ ಭಾಗದ ಪುಸ್ತಕ ಬಂದರೆ ಒಂದು ತಿಂಗಳು ಹೊರಗಿನವರಿಗೆ ತಿಳಿಸುವುದಿಲ್ಲ. ಇಲ್ಲಿಯವರು ಬಂದು ನೋಡಲಿ ಅಂತ. ಮುಂಬೈಯವರು ಮೂರು ಪಟ್ಟು ಕೊಡುತ್ತಾರೆ, ನಿಜ. ಬಾಡಿಗೆ ಕಟ್ಟೋಕೆ ಅವರಿಗೂ ಮಾರಲೇಬೇಕು, ಮಾರುತ್ತೇನೆ. ಆದರೆ ಮೊದಲ ತಿಂಗಳು ಇಲ್ಲಿಯವರದ್ದು.

ಹೋದ ವರ್ಷ ಸುರಪುರದಿಂದ ಒಬ್ಬ ಹುಡುಗಿ ಬಂದಳು, ಎಂ.ಎ. ಓದುತ್ತಿದ್ದಾಳೆ. ಮೆಡೋಸ್ ಟೇಲರ್‌ನ ಆತ್ಮಕಥೆ ಬೇಕಾಗಿತ್ತು. ಟೇಲರ್ 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡವನು, ಅವನು ಇದ್ದ ಟೇಲರ್ ಮಂಜಿಲ್ ಇನ್ನೂ ಅಲ್ಲಿದೆ. ನನ್ನ ಹತ್ತಿರ 1920ರ ಮುದ್ರಣ ಇತ್ತು. ಅವಳು ಸುರಪುರದ ಅಧ್ಯಾಯ ತೆಗೆದು ನಿಂತಲ್ಲೇ ಓದತೊಡಗಿದಳು. ಸ್ಟೂಲು ಕೊಟ್ಟೆ. ಎರಡು ತಾಸು ಓದಿದಳು.

“ಸರ್, ಈ ಗುಡ್ಡ ನಮ್ ಮನಿ ಹಿಂದ ಅದ. ನಾ ದಿನಾ ನೋಡ್ತೀನಿ,” ಅಂದಳು.

ಬೆಲೆ ಕೇಳಿದಳು, ಮುಖ ಸಪ್ಪಗಾಯಿತು. “ತಂಗಿ, ಒಯ್ದು ಓದಿ ವಾಪಸ್ ತಂದುಕೊಡು. ಕೊಳ್ಳಬೇಕು ಅನ್ನಿಸಿದಾಗ ತಿಂಗಳಿಗೆ ಇಷ್ಟು ಅಂತ ಕೊಡು,” ಅಂದೆ. ಆರು ತಿಂಗಳಲ್ಲಿ ಪೂರ್ತಿ ಕೊಟ್ಟಳು. ಪುಸ್ತಕ ಈಗ ಸುರಪುರದಲ್ಲಿದೆ.

ಈ ವಾರ ಆಳಂದದ ಒಂದು ಮನೆಯಿಂದ ಎರಡು ಪೆಟ್ಟಿಗೆ ಬಂದಿವೆ. ಮನೆಯವರೇ ಫೋನ್ ಮಾಡಿ, “ನಮ್ಮ ಮುತ್ಯಾನವು ರೀ, ರದ್ದಿಗಿ ಹಾಕಾಕ ಮನಸ್ಸು ಬರವಲ್ದು” ಅಂದರು. ಮೇಲಿನ ಸಾಲು ಮರಾಠಿ, ಕೆಳಗೆಲ್ಲ ಉರ್ದು. ಅರ್ಧ ಮಾತ್ರ ಬಿಚ್ಚಿದ್ದೇನೆ. ಪ್ರತಿಯೊಂದರಲ್ಲೂ ಹಿಂದಿನ ರಟ್ಟಿನ ಒಳಗೆ ಕೈ ಹಾಕಿ, ಮಡಚಿದ ಕಾಗದ ಏನಾದರೂ ಇದೆಯಾ ಅಂತ ನೋಡುತ್ತೇನೆ. ಉಳಿದದ್ದನ್ನು ನಾಳೆ ಶುಕ್ರವಾರದ ನಮಾಜು ಮುಗಿಸಿ ಚಾಚಾ ಬಂದ ಮೇಲೆ ಬಿಚ್ಚಬೇಕು. ಕನ್ನಡಕ ತರೋದು ಮರೀಬೇಡ್ರಿ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ.